ಗಾಡಿ ಹತ್ತುವ ಮೊದಲು ಸ್ವಿಚ್‌ಗೇ ಕೇಳಿ: ಎಸ್‌ಎನ್‌ಎಂಪಿ ಕಮಾಂಡ್‌ಗಳ ಬಳಕೆ

ದಾವಣಗೆರೆಯಲ್ಲಿ ಮುಖ್ಯ ಕಚೇರಿ. ಹರಿಹರ, ಚಿತ್ರದುರ್ಗ, ಚಳ್ಳಕೆರೆಯಲ್ಲಿ ಒಂದೊಂದು ಶಾಖೆ. ನಮ್ಮ ಕಡೆ ಸಹಕಾರಿ ಸಂಘ, ಆಸ್ಪತ್ರೆ, ಕಾಲೇಜು, ಎಣ್ಣೆ ಮಿಲ್ಲು ಯಾವುದೇ ಇರಲಿ, ನೆಟ್‌ವರ್ಕ್ ಹೆಚ್ಚುಕಡಿಮೆ ಹೀಗೇ ಹರಡಿಕೊಂಡಿರುತ್ತದೆ. ದುರ್ಗದಿಂದ "ಸಾರ್, ನೆಟ್ ಬರ್ತಿಲ್ಲ" ಎಂದು ಫೋನ್ ಬಂದ ಕೂಡಲೇ ಹೈವೇ ಹಿಡಿದು ಅರವತ್ತು ಕಿಲೋಮೀಟರ್ ಓಡಬೇಕಾಗಿಲ್ಲ. ಕೇಬಲ್ ಬಿಚ್ಚಿದೆಯೋ, ಪೋರ್ಟ್ ಬಂದ್ ಆಗಿದೆಯೋ, ಕರೆಂಟ್ ಹೋಗಿ ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ರೀಸ್ಟಾರ್ಟ್ ಆಗಿದೆಯೋ ಎಂಬುದು ಸ್ವಿಚ್‌ಗೇ ಗೊತ್ತಿರುತ್ತದೆ. ಕೇಳುವ ಕ್ರಮ ನಮಗೆ ಗೊತ್ತಿರಬೇಕು ಅಷ್ಟೆ.

ಆ ಕ್ರಮವೇ ಎಸ್‌ಎನ್‌ಎಂಪಿ, ಅಂದರೆ 'ಸಿಂಪಲ್ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪ್ರೊಟೊಕಾಲ್'. ದೊಡ್ಡ ದೊಡ್ಡ ಮಾನಿಟರಿಂಗ್ ಸಾಫ್ಟ್‌ವೇರ್‌ಗಳು ಒಳಗೊಳಗೆ ಮಾಡುವುದೂ ಇದನ್ನೇ. ನಾಲ್ಕಾರು ಸ್ವಿಚ್ ಇರುವ ಕಡೆ ಆ ಸಾಫ್ಟ್‌ವೇರ್‌ಗಳನ್ನು ಕಟ್ಟಿಕೊಂಡು ಕೂರುವುದಕ್ಕಿಂತ ನೆಟ್-ಎಸ್‌ಎನ್‌ಎಂಪಿ ಎಂಬ ಉಚಿತ ಕಮಾಂಡ್‌ಗಳ ಗುಂಪನ್ನು ಮೊದಲು ಕಲಿಯುವುದು ಮೇಲು. ಉಬುಂಟುವಿನಲ್ಲಿ 'ಎಸ್‌ಎನ್‌ಎಂಪಿ' ಎಂಬ ಪ್ಯಾಕೇಜ್ ಹಾಕಿದರೆ ಸಾಕು. ಕೊನೆಗೆ 'ಡಿ' ಸೇರಿದ 'ಎಸ್‌ಎನ್‌ಎಂಪಿಡಿ' ಬೇರೆಯದು. ಅದು ಉತ್ತರ ಕೊಡುವ ಏಜೆಂಟ್. ಕೇಳುವ ಯಂತ್ರಕ್ಕೆ ಅದು ಬೇಡ. ರೆಡ್ ಹ್ಯಾಟ್ ಬಳಗದಲ್ಲಾದರೆ 'ನೆಟ್-ಎಸ್‌ಎನ್‌ಎಂಪಿ-ಯುಟಿಲ್ಸ್'. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು, ಎಲ್ಲಿ ದೊಡ್ಡಕ್ಷರ ಬೇಕೋ ಅಲ್ಲಿ ಹೇಳುತ್ತೇನೆ.

ಸ್ವಿಚ್‌ನಲ್ಲಿ ಎಸ್‌ಎನ್‌ಎಂಪಿ ಆನ್ ಮಾಡಿ, ಓದಲು ಮಾತ್ರ ಅನುಮತಿ ಇರುವ ಒಂದು ಕಮ್ಯುನಿಟಿ ಸ್ಟ್ರಿಂಗ್, ಅಂದರೆ ಪಾಸ್‌ವರ್ಡಿನಂಥ ಒಂದು ಪದ, ಕೊಡಿ. 'ಪಬ್ಲಿಕ್' ಎಂಬ ಹೆಸರನ್ನು ದಯವಿಟ್ಟು ಇಡಬೇಡಿ, ಅದು ಊರಿಗೆಲ್ಲ ಗೊತ್ತು. ಆಮೇಲೆ ಮೊದಲ ಪ್ರಶ್ನೆ:

ಎಸ್‌ಎನ್‌ಎಂಪಿವಾಕ್ -ವಿ2ಸಿ -ಸಿ ದುರ್ಗಓದು 192.168.20.2 1.3.6.1.2.1.1

ಇಲ್ಲಿ 'ವಿ2ಸಿ' ಎಸ್‌ಎನ್‌ಎಂಪಿಯ ಆವೃತ್ತಿ, 'ದುರ್ಗಓದು' ನೀವಿಟ್ಟ ಕಮ್ಯುನಿಟಿ, 192.168.20.2 ಸ್ವಿಚ್‌ನ ಐಪಿ ವಿಳಾಸ. ಕೊನೆಯ ಉದ್ದನೆಯ ಸಂಖ್ಯೆ ಒಐಡಿ, ಅಂದರೆ ನಮಗೆ ಬೇಕಾದ ಮಾಹಿತಿಯ ವಿಳಾಸ. ವಾಕ್ ಅದರ ಕೆಳಗಿರುವುದನ್ನೆಲ್ಲ ಓದುತ್ತದೆ. ಈ ಪ್ರಶ್ನೆಗೆ ಉಪಕರಣದ ಮಾಡೆಲ್, ಹೆಸರು, ಇಟ್ಟಿರುವ ಜಾಗ, ಎಷ್ಟು ಹೊತ್ತಿನಿಂದ ಚಾಲೂ ಇದೆ ಎಂಬುದೆಲ್ಲ ಬರುತ್ತದೆ. ಒಂದೇ ಮಾಹಿತಿ ಸಾಕಾದರೆ ಎಸ್‌ಎನ್‌ಎಂಪಿಗೆಟ್ ಬಳಸಿ, ಒಐಡಿ ಪೂರ್ತಿ ಕೊಡಿ. ಅಪ್‌ಟೈಮ್ ಬೇಕೆಂದರೆ 1.3.6.1.2.1.1.3.0. ಆ ಕೊನೆಯ ಸೊನ್ನೆಯನ್ನು ಬಿಡುವವರೇ ಹೆಚ್ಚು. ಬಿಟ್ಟರೆ 'ನೋ ಸಚ್ ಇನ್‌ಸ್ಟನ್ಸ್' ಎಂದು ಬರುತ್ತದೆ: ಜಾತಿ ಸರಿ, ಆದರೆ ಯಾವುದು ಎಂದು ಹೇಳಿಲ್ಲ ಎಂದರ್ಥ. 'ನೋ ಸಚ್ ಆಬ್ಜೆಕ್ಟ್' ಎಂದು ಬಂದರೆ ಆ ಮಾಹಿತಿಯೇ ಆ ಉಪಕರಣದಲ್ಲಿ ಇಲ್ಲ, ಅಥವಾ ನಿಮ್ಮ ಕಮ್ಯುನಿಟಿಗೆ ಅದನ್ನು ತೋರಿಸಿಲ್ಲ.

ಸಂಖ್ಯೆಯ ಬದಲು ಹೆಸರು ಕಾಣಬೇಕೆಂದರೆ ಎಂಐಬಿ ಫೈಲುಗಳು, ಅಂದರೆ ಯಾವ ಒಐಡಿಗೆ ಯಾವ ಹೆಸರು ಎಂಬ ಪಟ್ಟಿಗಳು, ಬೇಕು. ಉಬುಂಟುವಿನಲ್ಲಿ 'ಎಸ್‌ಎನ್‌ಎಂಪಿ-ಮಿಬ್ಸ್-ಡೌನ್‌ಲೋಡರ್' ಹಾಕಿ, ಇಟಿಸಿ ಫೋಲ್ಡರ್‌ನ ಎಸ್‌ಎನ್‌ಎಂಪಿ ಡೈರೆಕ್ಟರಿಯಲ್ಲಿರುವ ಎಸ್‌ಎನ್‌ಎಂಪಿ.ಕಾನ್ಫ್ ಫೈಲಿನ 'ಮಿಬ್ಸ್ :' ಎಂಬ ಸಾಲಿನ ಮುಂದೆ ಹ್ಯಾಶ್ ಗುರುತು ಇಡಬೇಕು. ಇದನ್ನು ಮಾಡದೆ, ಫೈಲೆಲ್ಲ ಇಳಿದಿದ್ದರೂ ಹೆಸರು ಬರುತ್ತಿಲ್ಲವೆಂದು ಒದ್ದಾಡುವವರು ಬಹಳ. ಆದರೂ ನನ್ನ ಮಾತು ಕೇಳಿದರೆ ಮುಖ್ಯವಾದ ಹತ್ತು ಹನ್ನೆರಡು ಸಂಖ್ಯೆಗಳನ್ನೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಯಾರ ಲ್ಯಾಪ್‌ಟಾಪಿನಲ್ಲಿ ಕೂತರೂ ಸಂಖ್ಯೆ ಕೆಲಸ ಮಾಡುತ್ತದೆ.

ಎಲ್ಲರನ್ನೂ ಕಾಡುವುದು 'ಟೈಮ್‌ಔಟ್: ನೋ ರೆಸ್ಪಾನ್ಸ್'. ಕಮ್ಯುನಿಟಿ ತಪ್ಪಿದ್ದರೆ ಉಪಕರಣ 'ತಪ್ಪು' ಎಂದು ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಹಾಗಾಗಿ ತಪ್ಪು ಕಮ್ಯುನಿಟಿಗೂ ಸತ್ತ ಸ್ವಿಚ್‌ಗೂ ಒಂದೇ ಸಂದೇಶ. ಮೊದಲು ಪಿಂಗ್ ಮಾಡಿ. ಪಿಂಗ್ ಬಂದು ಇದು ಬರದಿದ್ದರೆ ಕಮ್ಯುನಿಟಿಯ ದೊಡ್ಡಕ್ಷರ ಸಣ್ಣಕ್ಷರ ನೋಡಿ. ಸ್ವಿಚ್‌ನ ಅನುಮತಿ ಪಟ್ಟಿಯಲ್ಲಿ ನಿಮ್ಮ ಐಪಿ ಇದೆಯೇ ನೋಡಿ. ನಡುವಿನ ಫೈರ್‌ವಾಲ್‌ನಲ್ಲಿ ಎಸ್‌ಎನ್‌ಎಂಪಿ ಬಳಸುವ ಯುಡಿಪಿ 161 ತೆರೆದಿದೆಯೇ ನೋಡಿ. ಟಿಸಿಪಿ 161 ತೆರೆದು ಕೆಲಸ ಆಯಿತೆಂದುಕೊಳ್ಳುವುದುಂಟು, ಅದರಿಂದ ಪ್ರಯೋಜನವಿಲ್ಲ. ಉತ್ತರ ಕೊಡಬೇಕಾದದ್ದು ಡೆಬಿಯನ್ ಅಥವಾ ಉಬುಂಟು ಸರ್ವರ್ ಆದರೆ ಅದರ ಏಜೆಂಟ್ ಮೊದಲಿಗೆ 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಿರುತ್ತದೆ, 'ಏಜೆಂಟ್‌ಅಡ್ರೆಸ್' ಸಾಲನ್ನು ಬದಲಿಸಿ ಮತ್ತೆ ಚಾಲೂ ಮಾಡಬೇಕು. ಮಾಮೂಲಿಯಾಗಿ ಕಮಾಂಡ್ 1 ಸೆಕೆಂಡ್ ಕಾದು, 5 ಸಲ ಮತ್ತೆ ಕೇಳುತ್ತದೆ. ಚಳ್ಳಕೆರೆಯ ಲಿಂಕ್ ನಿಧಾನವಿದ್ದರೆ '-ಟಿ 3 -ಆರ್ 2' ಎಂದು ಕೊಟ್ಟು ನೋಡಿ.

ಇನ್ನು ಪೋರ್ಟುಗಳ ವಿಷಯ. 1.3.6.1.2.1.2.2.1ರ ಕೆಳಗೆ ಪ್ರತಿ ಪೋರ್ಟಿನ ಜಾತಕವಿದೆ. ಅದರ ಮುಂದೆ .7 ಸೇರಿಸಿದರೆ ನಾವು ಪೋರ್ಟನ್ನು ಆನ್ ಇಟ್ಟಿದ್ದೇವೋ ಇಲ್ಲವೋ, .8 ಸೇರಿಸಿದರೆ ಅದು ನಿಜಕ್ಕೂ ಎದ್ದಿದೆಯೋ ಇಲ್ಲವೋ. ಎರಡರಲ್ಲೂ 1 ಅಂದರೆ ಆನ್, 2 ಅಂದರೆ ಆಫ್. ಮೊದಲನೆಯದು 1, ಎರಡನೆಯದು 2 ಇದ್ದರೆ ಕೇಬಲ್ ಅಥವಾ ಆ ತುದಿಯ ಯಂತ್ರದ ತೊಂದರೆ, ಇಲ್ಲವೇ ಸ್ವಿಚ್ ತಾನಾಗಿಯೇ ಬಂದ್ ಮಾಡಿರಬಹುದು. ಎರಡೂ 2 ಇದ್ದರೆ ಯಾರೋ ಬಂದ್ ಮಾಡಿದ್ದಾರೆ. .9ರಲ್ಲಿ ಆ ಸ್ಥಿತಿಗೆ ಬಂದಾಗ ಸ್ವಿಚ್‌ನ ಅಪ್‌ಟೈಮ್ ಎಷ್ಟಿತ್ತು ಎಂಬುದು ಸಿಗುತ್ತದೆ. ಈಗಿನ ಅಪ್‌ಟೈಮ್‌ನಿಂದ ಕಳೆದರೆ ಲಿಂಕ್ ಬಿದ್ದು ಎಷ್ಟು ಹೊತ್ತಾಯಿತು ಎಂದು ಗೊತ್ತಾಗುತ್ತದೆ. "ಬೆಳಿಗ್ಗೆಯಿಂದ ಇಲ್ಲ ಸಾರ್" ಎಂಬ ದೂರನ್ನು ಇದರ ಪಕ್ಕ ಇಟ್ಟು ನೋಡಬಹುದು. ಅಪ್‌ಟೈಮ್ ಸೆಕೆಂಡಿನ ನೂರನೇ ಒಂದು ಭಾಗದ ಎಣಿಕೆ. 497 ದಿನಕ್ಕೆ ಮತ್ತೆ ಸೊನ್ನೆಗೆ ಬರುತ್ತದೆ. ಅದನ್ನು ನೋಡಿ ಕರೆಂಟ್ ಹೋಗಿತ್ತೆಂದು ತೀರ್ಮಾನಿಸಬೇಡಿ.

ನೆಟ್ ಇದೆ, ಆದರೆ ನಿಧಾನ ಎಂಬ ದೂರಿಗೆ ಮೂರು ಕಡೆ ನೋಡಬೇಕು. 1.3.6.1.2.1.31.1.1.1.15 ಪೋರ್ಟಿನ ವೇಗವನ್ನು ಮೆಗಾಬಿಟ್‌ನಲ್ಲಿ ಕೊಡುತ್ತದೆ. 1000 ಇರಬೇಕಾದಲ್ಲಿ 100 ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಕ್ರಿಂಪಿಂಗನ್ನು, ಅಂದರೆ ಕೇಬಲ್ ತುದಿಗೆ ಪ್ಲಗ್ ಕೂರಿಸಿದ್ದನ್ನು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, ನೂರಕ್ಕೆ ಎರಡು ಜೋಡಿ ಸಾಕು. ಒಂದು ತಂತಿ ಕೈಕೊಟ್ಟರೂ ಸದ್ದಿಲ್ಲದೆ ನೂರಕ್ಕೆ ಇಳಿಯಬಹುದು. 1.3.6.1.2.1.2.2.1.14 ಒಳಬರುವ ದೋಷಗಳ ಎಣಿಕೆ. ಸಂಖ್ಯೆ ದೊಡ್ಡದಿದೆಯೆಂದು ಗಾಬರಿಯಾಗಬೇಡಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಏರುತ್ತಿದೆಯೇ ಎಂಬುದೇ ಮುಖ್ಯ. ಮಿಲ್ಲಿನಲ್ಲಿ ಮೋಟಾರಿನ ಪ್ಯಾನಲ್ ಪಕ್ಕದಲ್ಲೇ, ಪವರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ಈ ಎಣಿಕೆ ಏರುತ್ತಲೇ ಇರುತ್ತದೆ. ಮೂರನೆಯದು ಟ್ರಾಫಿಕ್: ಒಳಬಂದದ್ದು 1.3.6.1.2.1.31.1.1.1.6, ಹೊರಹೋದದ್ದಕ್ಕೆ ಕೊನೆಯ 6ರ ಬದಲು 10. ಒಂದು ಸಲ ಓದಿ, 60 ಸೆಕೆಂಡ್ ಬಿಟ್ಟು ಮತ್ತೆ ಓದಿ. ವ್ಯತ್ಯಾಸ 45,00,00,000 ಬೈಟ್ ಬಂದರೆ ಎಂಟರಿಂದ ಗುಣಿಸಿ 60ರಿಂದ ಭಾಗಿಸಿ: 60 ಎಂಬಿಪಿಎಸ್. ಹಳೆಯ ಕೋಷ್ಟಕದ (1.3.6.1.2.1.2.2.1) 32 ಬಿಟ್ ಎಣಿಕೆಯನ್ನು ಇದಕ್ಕೆ ಬಳಸಬಾರದು. ಪೂರ್ತಿ ಓಡುವ ಗಿಗಾಬಿಟ್ ಲಿಂಕ್‌ನಲ್ಲಿ ಅದು ಸುಮಾರು 34 ಸೆಕೆಂಡಿಗೇ ತುಂಬಿ ಸೊನ್ನೆಗೆ ಬರುತ್ತದೆ, ಲೆಕ್ಕ ಎಕ್ಕುಟ್ಟಿ ಹೋಗುತ್ತದೆ.

ಹಾಸ್ಟೆಲ್ ಮತ್ತು ಲ್ಯಾಬ್ ನೋಡಿಕೊಳ್ಳುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇನ್ನೊಂದಿದೆ. ಯಾರೋ ಮನೆಯ ವೈಫೈ ರೂಟರ್ ತಂದು, ಅದರ ಲ್ಯಾನ್ ಪೋರ್ಟಿಗೇ ಕಾಲೇಜಿನ ಕೇಬಲ್ ಚುಚ್ಚುತ್ತಾರೆ. ಅದು ತನ್ನದೇ ಐಪಿ ಹಂಚಲು ಶುರುಮಾಡಿ, ಅರ್ಧ ಲ್ಯಾಬಿಗೆ ನೆಟ್ ಇಲ್ಲ. ಐಪಿ ತಪ್ಪಿದ ಒಂದು ಪಿಸಿಯಲ್ಲಿ 'ಎಆರ್‌ಪಿ -ಎ' ಹೊಡೆದು ಗೇಟ್‌ವೇಯ (ಇಲ್ಲಿ ಆ ರೂಟರಿನ) ಮ್ಯಾಕ್ ವಿಳಾಸ, ಅಂದರೆ ಯಂತ್ರದ ಗುರುತಿನ ಸಂಖ್ಯೆ, ತೆಗೆಯಿರಿ. 00:24:18:93:50:61 ಎಂದಿಟ್ಟುಕೊಳ್ಳೋಣ. ಇದು ಹದಿನಾರರ ಲೆಕ್ಕ. ಹತ್ತರ ಲೆಕ್ಕಕ್ಕೆ ತಂದರೆ 0.36.24.147.80.97. ಈಗ ಸ್ವಿಚ್‌ಗೆ ಕೇಳಿ:

ಎಸ್‌ಎನ್‌ಎಂಪಿಗೆಟ್ -ವಿ2ಸಿ -ಸಿ ದುರ್ಗಓದು 192.168.20.2 1.3.6.1.2.1.17.4.3.1.2.0.36.24.147.80.97

17 ಎಂದು ಉತ್ತರ ಬಂತೆನ್ನಿ. ಇದು ಬ್ರಿಡ್ಜ್ ಪೋರ್ಟಿನ ಸಂಖ್ಯೆ, ಸ್ವಿಚ್ ಒಳಗೊಳಗೆ ಇಟ್ಟುಕೊಂಡ ಎಣಿಕೆ, ಇದನ್ನೇ ನೇರವಾಗಿ ಪೋರ್ಟ್ 17 ಎಂದುಕೊಳ್ಳಬಾರದು. 1.3.6.1.2.1.17.1.4.1.2.17 ಕೇಳಿದರೆ ಅದರ ಇಂಟರ್‌ಫೇಸ್ ಸೂಚಿ, ಉದಾಹರಣೆಗೆ 10117, ಸಿಗುತ್ತದೆ. ಆಮೇಲೆ 1.3.6.1.2.1.31.1.1.1.1.10117 ಕೇಳಿದರೆ ಪೋರ್ಟಿನ ಹೆಸರು, ಕೊನೆಗಿಂತ ಒಂದು ಹಿಂದಿನ 1ರ ಜಾಗದಲ್ಲಿ 18 ಇಟ್ಟರೆ ನೀವು ಬರೆದಿಟ್ಟ ವಿವರಣೆ. ಅದು ಇನ್ನೊಂದು ಸ್ವಿಚ್‌ಗೆ ಹೋಗುವ ಅಪ್‌ಲಿಂಕ್ ಆಗಿದ್ದರೆ ರೂಟರ್ ಅದರಾಚೆ ಇದೆ. ಆ ಸ್ವಿಚ್‌ಗೂ ಇದೇ ಪ್ರಶ್ನೆ ಹಾಕಿ. ಉತ್ತರವೇ ಬರದಿದ್ದರೆ ಸ್ವಿಚ್ ವಿಎಲ್ಯಾನ್‌ವಾರು (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ಮಾಡಿದ ನೆಟ್‌ವರ್ಕ್‌ವಾರು) ಕೋಷ್ಟಕ ಇಟ್ಟಿರಬಹುದು. ಆಗ 1.3.6.1.2.1.17.7.1.2.2.1.2 ವಾಕ್ ಮಾಡಿ, ವಿಎಲ್ಯಾನ್ ಸಂಖ್ಯೆಯ ನಂತರ ಅದೇ ಆರು ಸಂಖ್ಯೆ ಹುಡುಕಿ. ದೊಡ್ಡ ಕೋಷ್ಟಕಕ್ಕೆ ಎಸ್‌ಎನ್‌ಎಂಪಿಬಲ್ಕ್‌ವಾಕ್ ಬಹಳ ಬೇಗ. 'ಒಐಡಿ ನಾಟ್ ಇನ್‌ಕ್ರೀಸಿಂಗ್' ಎಂದು ಅರ್ಧಕ್ಕೆ ನಿಂತರೆ ಅದು ಉಪಕರಣದ ಫರ್ಮ್‌ವೇರಿನ ದೋಷ. ದೊಡ್ಡ ಸಿ, ಸಣ್ಣ ಸಿ ಸೇರಿಸಿದ ಆಯ್ಕೆ ಕೊಟ್ಟರೆ ಆ ಪರೀಕ್ಷೆ ಬಿಟ್ಟು ಮುಂದುವರಿಯುತ್ತದೆ.

ಪೋರ್ಟ್ ಸಿಕ್ಕ ಮೇಲೆ ಬಂದ್ ಮಾಡುವುದಕ್ಕೆ ಎಸ್‌ಎನ್‌ಎಂಪಿಸೆಟ್. ಒಐಡಿ 1.3.6.1.2.1.2.2.1.7.10117, ಅದರ ಮುಂದೆ ಜಾಗ ಬಿಟ್ಟು 'ಐ 2'. ಐ ಅಂದರೆ ಪೂರ್ಣಾಂಕ. ಮತ್ತೆ ತೆರೆಯಲು 'ಐ 1'. ಇದಕ್ಕೆ ಬರೆಯುವ ಅನುಮತಿ ಬೇಕು. 'ಖಚಿತವೇ?' ಎಂದು ಯಾರೂ ಕೇಳುವುದಿಲ್ಲ. ದಾವಣಗೆರೆಯಲ್ಲಿ ಕೂತು ದುರ್ಗದ ಸ್ವಿಚ್‌ನ ಅಪ್‌ಲಿಂಕ್ ಬಂದ್ ಮಾಡಿದರೆ, ತೆರೆಯುವ ಕಮಾಂಡ್ ಅಲ್ಲಿಗೆ ತಲುಪುವ ದಾರಿಯೇ ಇರುವುದಿಲ್ಲ. ಹಾಗಾಗಿ ಪ್ರತಿ ಸಲವೂ ಮೊದಲು ಅದೇ ಸೂಚಿಯ ವಿವರಣೆ ಓದಿ, ಆಮೇಲೆ ಬರೆಯಿರಿ. ಸ್ವಿಚ್ ರೀಸ್ಟಾರ್ಟ್ ಆದರೆ ಕೆಲವು ಮಾಡೆಲ್‌ಗಳಲ್ಲಿ ಸೂಚಿ ಬದಲಾಗುತ್ತದೆ, ನಿನ್ನೆಯ ಸಂಖ್ಯೆಯನ್ನು ಇವತ್ತು ನಂಬಬೇಡಿ. ಎಷ್ಟೋ ಸ್ವಿಚ್‌ಗಳಲ್ಲಿ ಈ ಬದಲಾವಣೆ ಚಾಲ್ತಿಯ ಕಾನ್ಫಿಗರೇಷನ್‌ಗೆ ಮಾತ್ರ. ಸೇವ್ ಮಾಡದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಪೋರ್ಟ್ ಮತ್ತೆ ತೆರೆದಿರುತ್ತದೆ.

ಕರೆಂಟಿನ ಮಾತು ಬಂತು. ಯುಪಿಎಸ್‌ಗೆ ನೆಟ್‌ವರ್ಕ್ ಕಾರ್ಡ್ ಇದ್ದು, ಅದು ಸ್ಟ್ಯಾಂಡರ್ಡ್ ಎಂಐಬಿ ಪಾಲಿಸುತ್ತಿದ್ದರೆ 1.3.6.1.2.1.33.1.4.1.0 ಕೇಳಿ. 3 ಬಂದರೆ ಮಾಮೂಲು, 5 ಬಂದರೆ ಬ್ಯಾಟರಿ ಮೇಲೆ ಓಡುತ್ತಿದೆ. 1.3.6.1.2.1.33.1.2.4.0 ಉಳಿದ ಚಾರ್ಜ್ ಶೇಕಡಾ, 1.3.6.1.2.1.33.1.2.3.0 ಇನ್ನೆಷ್ಟು ನಿಮಿಷ ಎಂಬ ಅಂದಾಜು. ಬೇಸಿಗೆಯಲ್ಲಿ ಮಧ್ಯಾಹ್ನದ ಪವರ್ ಕಟ್ ಹೊತ್ತಿಗೆ ಈ ಮೂರನ್ನು ಐದು ನಿಮಿಷಕ್ಕೊಮ್ಮೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ಫೈಲಿಗೆ ಬರೆಸಿದರೆ ಬ್ಯಾಟರಿಯ ನಿಜವಾದ ತಾಕತ್ತು ಗೊತ್ತಾಗುತ್ತದೆ. ಸ್ಕ್ರಿಪ್ಟ್‌ಗೆ ಬರಿಯ ಸಂಖ್ಯೆ ಬೇಕಾದರೆ ದೊಡ್ಡ ಓ, ಸಣ್ಣ ಕ್ಯೂ, ಸಣ್ಣ ವಿ ಸೇರಿಸಿದ ಆಯ್ಕೆ ಕೊಡಿ.

2ಸಿ ಆವೃತ್ತಿಯಲ್ಲಿ ಕಮ್ಯುನಿಟಿ ಗೂಢಲಿಪಿಯಿಲ್ಲದೆ ಬಿಚ್ಚಕ್ಷರದಲ್ಲೇ ಸಾಗುತ್ತದೆ. ಬರೆಯುವ ಅನುಮತಿ ಬೇಕಿದ್ದರೆ ಮೂರನೇ ಆವೃತ್ತಿಗೇ ಹೋಗಿ, ಇದರಲ್ಲಿ ರಾಜಿ ಬೇಡ. '-ವಿ3', ಭದ್ರತೆಯ ಮಟ್ಟ ಆತ್‌ಪ್ರಿವ್, ಬಳಕೆದಾರನ ಹೆಸರು, ಗುರುತು ಪರೀಕ್ಷಿಸುವ ಎಸ್‌ಎಚ್‌ಎ ಮತ್ತು ಗೂಢಲಿಪಿ ಮಾಡುವ ಎಇಎಸ್‌ಗೆ ಒಂದೊಂದು ಪಾಸ್‌ವರ್ಡ್. ಎರಡೂ ಕನಿಷ್ಠ 8 ಅಕ್ಷರ. ಇಲ್ಲಿ ಹೆಸರು ಅಥವಾ ಎಸ್‌ಎಚ್‌ಎ ಪಾಸ್‌ವರ್ಡ್ ತಪ್ಪಾದರೆ ಮೌನವಿಲ್ಲ, 'ಅನ್‌ನೋನ್ ಯೂಸರ್ ನೇಮ್', 'ಅಥೆಂಟಿಕೇಷನ್ ಫೇಲ್ಯೂರ್' ಎಂದು ಸ್ಪಷ್ಟವಾಗಿ ಬರುತ್ತದೆ. ಪಾಸ್‌ವರ್ಡನ್ನು ಕಮಾಂಡಿನಲ್ಲೇ ಹೊಡೆದರೆ ಹಿಸ್ಟರಿಯಲ್ಲಿ ಉಳಿಯುತ್ತದೆ, ಅದೇ ಯಂತ್ರದ ಇತರ ಬಳಕೆದಾರರಿಗೂ ಕಾಣಬಹುದು. ನಿಮ್ಮ ಹೋಮ್ ಡೈರೆಕ್ಟರಿಯ '.ಎಸ್‌ಎನ್‌ಎಂಪಿ' ಫೋಲ್ಡರಿನಲ್ಲಿ ಎಸ್‌ಎನ್‌ಎಂಪಿ.ಕಾನ್ಫ್ ಮಾಡಿ, ಅದರಲ್ಲಿ ಬರೆದಿಟ್ಟು, ಫೈಲಿಗೆ 600 ಅನುಮತಿ ಕೊಡಿ.

ಶಾಖೆಯ ಸ್ವಿಚ್‌ಗೆ ವಿಪಿಎನ್ (ಇಂಟರ್‌ನೆಟ್ ಮೇಲಿನ ಗುಪ್ತ ಖಾಸಗಿ ದಾರಿ) ಮೂಲಕವೇ ಹೋಗಿ. ರೂಟರಿನಲ್ಲಿ 161ನ್ನು ಹೊರಗಿನ ಇಂಟರ್‌ನೆಟ್‌ಗೆ ತೆರೆಯಬೇಡಿ. ಈಗಾಗಲೇ ತೆರೆದಿದೆಯೇ ಎಂದು ನೋಡಲು ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ, ಶಾಖೆಯ ಪಬ್ಲಿಕ್ ಐಪಿಗೆ ಸರಿಯಾದ ಕಮ್ಯುನಿಟಿಯಿಂದ ಒಂದು ಎಸ್‌ಎನ್‌ಎಂಪಿಗೆಟ್ ಹೊಡೆಯಿರಿ. ಇಲ್ಲಿ ಮಾತ್ರ ಟೈಮ್‌ಔಟ್ ಬರಬೇಕು. ಉತ್ತರ ಬಂದರೆ ಆ ಪೋರ್ಟ್ ಮುಚ್ಚಿಸಿ, ಈಗಷ್ಟೇ ಬಯಲಲ್ಲಿ ಹೋದ ಆ ಕಮ್ಯುನಿಟಿಯನ್ನೂ ಬದಲಿಸಿ.