ಟಿಪಿಎನ್ ಬ್ಯಾಗ್‌ನ ಫಾಸ್ಫೇಟ್ ಮತ್ತು ನಾನು ಫೋನಿನಲ್ಲಿ ಹೇಳಿದ ತಪ್ಪು ಮಾತು

ರಾತ್ರಿ 10.30ಕ್ಕೆ ಐಸಿಯುವಿನಿಂದ ಕರೆ ಬಂದಿತು. ಟಿಪಿಎನ್ (ರಕ್ತನಾಳದ ಮೂಲಕವೇ ಕೊಡುವ ಪೂರ್ಣ ಪೋಷಣೆ) ಹಚ್ಚಿದ್ದ ರೋಗಿಯ ಪಂಪ್ ಆಕ್ಲೂಶನ್ ಅಲಾರಂ, ಅಂದರೆ ಹರಿವು ಕಟ್ಟಿದೆ ಎಂಬ ಎಚ್ಚರಿಕೆ, ಹೊಡೆಯುತ್ತಿದೆ, ಲೈನ್ ಎಲ್ಲಿಯೂ ಮಡಚಿಲ್ಲ, ಕ್ಲ್ಯಾಂಪ್ ತೆರೆದೇ ಇದೆ ಎಂದು ಸಿಸ್ಟರ್ ತಿಳಿಸಿದರು. "ಫಿಲ್ಟರ್ ಬದಲಿಸಿ ಮುಂದುವರಿಸಿ, ಸಿಸ್ಟರ್" ಎಂದೆ. ಬ್ಯಾಗ್‌ಗಳ ಆರ್ಡರ್ ಪರಿಶೀಲಿಸುವುದೇ ಕೆಲಸವಾಗಿರುವ ಫಾರ್ಮಸಿಸ್ಟ್ ಆಡಬಾರದ ಮಾತು ಅದು.

ಆ ರೋಗಿ 12 ದಿನಗಳಿಂದ ಹೆಚ್ಚುಕಡಿಮೆ ಏನನ್ನೂ ತಿಂದಿರಲಿಲ್ಲ. ಅಂಥವರಿಗೆ ದಿನಕ್ಕೆ ಕೆ.ಜಿ.ಗೆ 10 ಕಿಲೋಕ್ಯಾಲೊರಿಗಿಂತ ಹೆಚ್ಚಿಲ್ಲದಂತೆ ಆರಂಭಿಸಬೇಕೆಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ ಹೇಳುತ್ತದೆ. ನಾವು 25ರಿಂದ ಆರಂಭಿಸಿದ್ದೆವು. ಉಪವಾಸವಿದ್ದ ದೇಹಕ್ಕೆ ಗ್ಲೂಕೋಸ್ ಹರಿದಾಗ ಇನ್ಸುಲಿನ್ ಏರುತ್ತದೆ; ಫಾಸ್ಫೇಟ್, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ರಕ್ತವನ್ನು ಬಿಟ್ಟು ಜೀವಕೋಶಗಳೊಳಗೆ ಸೇರುತ್ತವೆ; ಗ್ಲೂಕೋಸನ್ನು ಉರಿಸಲು ಬೇಕಾದ ಥಯಮಿನ್ (ವಿಟಮಿನ್ ಬಿ1) ಕೂಡ ಬೇಗನೆ ಬರಿದಾಗುತ್ತದೆ. ಮೂರನೆಯ ದಿನ ರಕ್ತದ ಫಾಸ್ಫೇಟ್ ಡೆಸಿಲೀಟರ್‌ಗೆ 1.3 ಮಿ.ಗ್ರಾಂಗೆ ಇಳಿದಿತ್ತು, ಕ್ಯಾಲ್ಸಿಯಂ ಸಹ ಕಡಿಮೆಯಿತ್ತು. ಎರಡನ್ನೂ ಬ್ಯಾಗ್‌ನಲ್ಲಿಯೇ ಹೆಚ್ಚಿಸುವಂತೆ ಆರ್ಡರ್ ಬಂದಿತು. ನಾನು ಸಹಿ ಹಾಕಿದೆ.

ನನ್ನ ಅಂದಾಜು ತಪ್ಪಿದ್ದು ಅಲ್ಲಿಯೇ. ರಿಪೋರ್ಟಿನಲ್ಲಿ ಇಳಿದ ಅಂಕಿಯನ್ನು ಬ್ಯಾಗ್‌ನಲ್ಲಿರುವ ಕೊರತೆಯೆಂದು ಓದಿಕೊಂಡೆನೇ ಹೊರತು, ಫಾಸ್ಫೇಟನ್ನು ಒಳಕ್ಕೆ ಎಳೆಯುತ್ತಿದ್ದುದು ಅದೇ ಬ್ಯಾಗ್‌ನ ಗ್ಲೂಕೋಸ್ ಎಂಬುದನ್ನು ಯೋಚಿಸಲಿಲ್ಲ. ಮೆಗ್ನೀಸಿಯಂ ಎಷ್ಟಿದೆಯೆಂದು ಕೇಳಲೂ ಇಲ್ಲ. ಮರುದಿನ ಬಂದ ರಿಪೋರ್ಟಿನಲ್ಲಿ ಅದು 1.0 ಇತ್ತು. ಮೆಗ್ನೀಸಿಯಂ ಅಷ್ಟು ಕುಸಿದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಸರಿಯಾಗಿ ಸ್ರವಿಸದೆ ಕ್ಯಾಲ್ಸಿಯಂ ಇಳಿಯುತ್ತದೆ, ಮೂತ್ರಪಿಂಡಗಳು ಪೊಟ್ಯಾಸಿಯಂ ಸೋರಿಸುತ್ತವೆ. ಎರಡು ದಿನಗಳಿಂದ ಎಷ್ಟು ಕೊಟ್ಟರೂ ಪೊಟ್ಯಾಸಿಯಂ ಏರದಿದ್ದುದಕ್ಕೆ ಕಾರಣ ಆಗ ತಿಳಿಯಿತು. ಲ್ಯಾಬ್‌ನ ದೈನಂದಿನ ಪ್ಯಾನೆಲ್‌ನಲ್ಲಿ ಮೆಗ್ನೀಸಿಯಂ ಇಲ್ಲ ಎಂಬುದು ನಿಜ. ಕೇಳಿದ್ದರೆ ಮಾಡಿಕೊಡುತ್ತಿದ್ದರು ಎಂಬುದೂ ನಿಜ.

ಇನ್ನೊಂದು ತಪ್ಪು ಲೆಕ್ಕದಲ್ಲಿತ್ತು. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಟ್ಟಿಗೆ ಕರಗಿರಬಲ್ಲವೇ ಎಂಬುದನ್ನು ಬ್ಯಾಗ್‌ನ ಅಂತಿಮ 2 ಲೀಟರ್‌ಗೆ ಲೆಕ್ಕ ಹಾಕಿದ್ದೆ. ಆದರೆ ಮಿಶ್ರಣದಲ್ಲಿ ಫಾಸ್ಫೇಟ್ ಮೊದಲು ಸೇರುತ್ತದೆ, ಕ್ಯಾಲ್ಸಿಯಂ ಕೊನೆಗೆ, ಲಿಪಿಡ್ (ಕೊಬ್ಬಿನ ದ್ರಾವಣ) ಅದಕ್ಕೂ ಆಮೇಲೆ. ಕ್ಯಾಲ್ಸಿಯಂ ಬೀಳುವ ಹೊತ್ತಿಗೆ ಬ್ಯಾಗ್‌ನಲ್ಲಿದ್ದುದು ಸುಮಾರು 1.4 ಲೀಟರ್ ಮಾತ್ರ, ಅಂದರೆ ಎರಡೂ ನನ್ನ ಲೆಕ್ಕಕ್ಕಿಂತ ಸಾಂದ್ರವಾಗಿದ್ದವು. ಫ್ರಿಜ್‌ನಿಂದ ತೆಗೆದ ಬ್ಯಾಗ್ ಕೋಣೆಯಲ್ಲಿ ಬೆಚ್ಚಗಾದಂತೆ ಅದರಲ್ಲಿರುವ ಕ್ಯಾಲ್ಸಿಯಂ ಗ್ಲುಕೋನೇಟ್ ಲವಣದಿಂದ ಇನ್ನಷ್ಟು ಕ್ಯಾಲ್ಸಿಯಂ ಬಿಡುಗಡೆಯಾಗಿ ಫಾಸ್ಫೇಟ್‌ನೊಂದಿಗೆ ಹರಳುಗಟ್ಟುತ್ತದೆ. ಲಿಪಿಡ್‌ನ ಹಾಲುಬಿಳುಪಿನಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ.

40 ನಿಮಿಷಗಳ ನಂತರ ಸಿಸ್ಟರ್ ಮತ್ತೆ ಕರೆ ಮಾಡಿದರು. "ಸರ್, ಹೊಸ ಫಿಲ್ಟರ್ ಕೂಡ ಕಟ್ಟಿಕೊಂಡಿದೆ. ಫಿಲ್ಟರ್ ಇಲ್ಲದೆ ಹಚ್ಚಲೇ?" ಆ ಪ್ರಶ್ನೆಗೆ ನನ್ನ ಕೈ ತಣ್ಣಗಾಯಿತು. 1994ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೊರಡಿಸಿದ ಎಚ್ಚರಿಕೆ ನೆನಪಾಯಿತು: ಇಂಥದೇ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳಿಂದ ಇಬ್ಬರು ಸತ್ತಿದ್ದರು, ಶವಪರೀಕ್ಷೆಯಲ್ಲಿ ಹರಳುಗಳು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿದ್ದವು. "ಬೇಡ ಸಿಸ್ಟರ್, ಪಂಪ್ ನಿಲ್ಲಿಸಿ, ಬ್ಯಾಗ್ ಕಳಚಿ 10% ಡೆಕ್ಸ್‌ಟ್ರೋಸ್ ಹಚ್ಚಿ, ಡಾಕ್ಟರನ್ನು ಕರೆಯಿರಿ" ಎಂದು ಹೇಳಿ ಮೆಟ್ಟಿಲು ಹತ್ತಿ ಓಡಿದೆ. ಬಾಗಿಲಿನಿಂದಲೇ ಮಾನಿಟರ್‌ನ ಆಮ್ಲಜನಕದ ಅಂಕಿಯನ್ನು ಹುಡುಕಿದೆ, 97 ಇತ್ತು. ಕಳಚಿಟ್ಟಿದ್ದ ಎರಡೂ ಫಿಲ್ಟರ್‌ಗಳಲ್ಲಿ ಸುಣ್ಣದಂಥ ಪದರವಿತ್ತು. 1.2 ಮೈಕ್ರಾನ್‌ನ ಆ ಪೊರೆ ನನಗಿಂತ ಮೊದಲೇ ತಪ್ಪನ್ನು ಹಿಡಿದಿತ್ತು, ಅದರ ಅಲಾರಂ ಅನ್ನು ನಾನು ಕಿರಿಕಿರಿಯೆಂದುಕೊಂಡಿದ್ದೆ. ಬೆಳಿಗ್ಗೆಯವರೆಗೆ ಐಸಿಯುವಿನಿಂದ ಕದಲಲಿಲ್ಲ. ರೋಗಿಗೆ ತೊಂದರೆಯಾಗಲಿಲ್ಲ.

ಮರುದಿನ ಗ್ಲೂಕೋಸ್ ಇಳಿಸಿದೆವು, ಥಯಮಿನ್ ಹೆಚ್ಚಿಸಿದೆವು, ಮೆಗ್ನೀಸಿಯಂ ತುಂಬಿದೆವು, ಫಾಸ್ಫೇಟನ್ನು ಬೇರೆ ಲೈನ್‌ನಲ್ಲಿ ನಿಧಾನವಾಗಿ ಕೊಟ್ಟೆವು. ಕ್ಯಾಲ್ಸಿಯಂ ಹೆಚ್ಚಿಸದೆಯೇ ನಾಲ್ಕು ದಿನಗಳಲ್ಲಿ ತಾನಾಗಿ ಮೇಲೆ ಬಂದಿತು.

ಆ ಆರ್ಡರನ್ನು ನಮ್ಮ ಸಾಫ್ಟ್‌ವೇರ್ ಪೂರ್ತಿ ಹಸಿರು ಗುರುತುಗಳೊಂದಿಗೆ ಒಪ್ಪಿಕೊಂಡಿತ್ತು, ಏಕೆಂದರೆ ಅದು ಪ್ರತಿ ಪೋಷಕಾಂಶವನ್ನೂ ಅದರದೇ ಮಿತಿಗೆ ಮಾತ್ರ ಹೋಲಿಸುತ್ತದೆ. ಬೆರೆಸುವ ಹಂತದ ಲೆಕ್ಕವನ್ನೂ, ಕ್ಯಾಲ್ಸಿಯಂನೊಂದಿಗೆ ಸುಲಭವಾಗಿ ಹರಳುಗಟ್ಟದ ಸಾವಯವ ಫಾಸ್ಫೇಟನ್ನೂ ಕೇಳಿ ಆಡಳಿತಕ್ಕೆ ಮೂರು ಸಲ ಬರೆದಿದ್ದೇನೆ. ಉತ್ತರ ಬಂದಿಲ್ಲ; ಸದ್ಯಕ್ಕೆ ಕ್ಯಾಲ್ಸಿಯಂ ಸೇರುವ ಕ್ಷಣದ ಲೆಕ್ಕವನ್ನು ಪ್ರತಿ ಆರ್ಡರ್‌ನ ಹಿಂಬದಿಯಲ್ಲಿ ಪೆನ್ನಿನಿಂದ ಮಾಡುತ್ತಿದ್ದೇನೆ.