‘ಗುಡ್ ಇನ್’ ಯಾಕೆ ತಪ್ಪು, ‘ಗುಡ್ ಅಟ್’ ಯಾಕೆ ಸರಿ?

‘ಗುಡ್’, ‘ಅಫ್ರೇಡ್’ ಥರದ ಗುಣವಾಚಕ ಆದಮೇಲೆ ‘ಇನ್’, ‘ಅಟ್’, ‘ಆಫ್’ ಥರದ ಯಾವ ಪ್ರಿಪೊಸಿಷನ್ ಹಾಕಬೇಕು, ಒಂದು ನಿಯಮ ಹೇಳಿಬಿಡಿ. ಇಂಗ್ಲಿಷ್ ಹೇಳಿಕೊಡುವವರಿಗೆ ತಪ್ಪದೆ ಬರುವ ಪ್ರಶ್ನೆ ಇದು. ಎಲ್ಲಕ್ಕೂ ಹೊಂದುವ ನಿಯಮ ಇಲ್ಲ. ‘ಅಫ್ರೇಡ್’ಗೆ ‘ಆಫ್’ ಯಾಕೆ, ‘ಮ್ಯಾರೀಡ್’ಗೆ ‘ಟು’ ಯಾಕೆ ಎಂದರೆ ರೂಢಿ ಅನ್ನಬೇಕು, ಅಷ್ಟೆ. ಕನ್ನಡದಲ್ಲೂ ಹಾವಿಗೆ ಹೆದರುತ್ತೇವೆ, ಮಗನ ಮೇಲೆ ಸಿಟ್ಟಾಗುತ್ತೇವೆ. ಅಲ್ಲಿ ‘ಗೆ’ ಯಾಕೆ, ಇಲ್ಲಿ ‘ಮೇಲೆ’ ಯಾಕೆ ಎಂದು ಕೇಳಿಕೊಂಡು ಯಾರೂ ಮಾತಾಡುವುದಿಲ್ಲ.

ತಪ್ಪು ಹುಟ್ಟುವುದೂ ಅಲ್ಲೇ. ಕನ್ನಡದ ವಿಭಕ್ತಿಯನ್ನೇ ಇಂಗ್ಲಿಷಿಗೆ ಹೊತ್ತುಕೊಂಡು ಹೋಗುತ್ತೇವೆ. ‘ಗಣಿತದಲ್ಲಿ ಜಾಣ’ ಎಂಬುದು ‘ಗುಡ್ ಇನ್ ಮ್ಯಾಥ್ಸ್’ ಆಗುತ್ತದೆ. ಕೌಶಲಕ್ಕೆ ಬೇಕಾದ್ದು ‘ಅಟ್’. ‘ಅವನ ಮೇಲೆ ಕೋಪ’ ಎಂಬುದು ‘ಆಂಗ್ರಿ ಆನ್ ಹಿಮ್’ ಆಗುತ್ತದೆ. ಸರಿಯಾದದ್ದು ‘ಆಂಗ್ರಿ ವಿತ್ ಹಿಮ್’, ‘ಅಟ್’ ಕೂಡ ನಡೆಯುತ್ತದೆ. ಕೋಪ ವ್ಯಕ್ತಿಯ ಮೇಲಲ್ಲ, ತಡವಾದದ್ದಕ್ಕೆ ಎಂದಾದರೆ ‘ಆಂಗ್ರಿ ಅಬೌಟ್ ದ ಡಿಲೇ’. ‘ಮಗಳ ಬಗ್ಗೆ ಹೆಮ್ಮೆ’ ಎಂದರೆ ‘ಪ್ರೌಡ್ ಆಫ್’. ಇನ್ನು ‘ಮ್ಯಾರೀಡ್ ವಿತ್’ ಅಂತೂ ತಮಾಷೆಯದು. ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಎಂಬುದು ಸರಿಯಾದ ಇಂಗ್ಲಿಷೇ, ಆದರೆ ಅದರರ್ಥ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ ಎಂದು. ಮದುವೆಯಾದದ್ದು ಯಾರನ್ನು ಎಂದು ಹೇಳಲು ‘ಟು’ ಬೇಕು.

‘ಅವರಿಗಿಂತ ಹಿರಿಯ’ ಎಂಬಲ್ಲಿಯ ‘ಇಂತ’ ಕೂಡ ಹೀಗೇ ಕೈಕೊಡುತ್ತದೆ. ‘ಸೀನಿಯರ್ ದ್ಯಾನ್’ ಅಲ್ಲ, ‘ಸೀನಿಯರ್ ಟು’. ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವಕ್ಕೂ ‘ಟು’. ಇಲ್ಲಿ ಮಾತ್ರ ಕಾರಣ ಹೇಳಬಹುದು: ಇವು ಲ್ಯಾಟಿನ್ನಿನ ತುಲನಾ ರೂಪಗಳು, ‘ಹೆಚ್ಚು’ ‘ಕಡಿಮೆ’ ಎಂಬ ಅರ್ಥ ಪದದೊಳಗೇ ಅಡಗಿದೆ. ಹಾಗಾಗಿ ‘ಮೋರ್ ಸುಪೀರಿಯರ್’ ಅನ್ನುವುದೂ ತಪ್ಪು.

ಆದ್ದರಿಂದ ನೂರು ಪದಗಳ ಪಟ್ಟಿಯನ್ನು ಉರುಹೊಡೆಯುವುದು ನನ್ನ ಪ್ರಕಾರ ದಂಡ. ಹಲವನ್ನು ಕನ್ನಡವೇ ಸರಿಯಾಗಿ ಹೇಳಿಕೊಡುತ್ತದೆ. ಸಂಗೀತದಲ್ಲಿ ಆಸಕ್ತಿ, ‘ಇಂಟರೆಸ್ಟೆಡ್ ಇನ್’. ಅದಕ್ಕೆ ಸಮ, ‘ಈಕ್ವಲ್ ಟು’. ಇತರರ ಮೇಲೆ ಅವಲಂಬಿತ, ‘ಡಿಪೆಂಡೆಂಟ್ ಆನ್’. ಕನ್ನಡ ದಾರಿ ತಪ್ಪಿಸುವ ಪದಗಳನ್ನಷ್ಟೇ ಬೇರ್ಪಡಿಸಿ, ಶ್ರಮವನ್ನೆಲ್ಲ ಅಲ್ಲಿ ಹಾಕಿ.

ಒಂದೇ ಗುಣವಾಚಕಕ್ಕೆ ಎರಡು ಮೂರು ಪ್ರಿಪೊಸಿಷನ್ ಬಂದಾಗ ಅರ್ಥವೇ ತಿರುಗುತ್ತದೆ, ಹೆಚ್ಚು ಗಮನ ಬೇಡುವುದು ಇದು. ‘ಗುಡ್ ಅಟ್’ ಕೌಶಲ. ‘ಗುಡ್ ಫಾರ್ ಯುವರ್ ಹೆಲ್ತ್’ ಆರೋಗ್ಯಕ್ಕೆ ಒಳ್ಳೆಯದು. ‘ಗುಡ್ ಟು ಮಿ’ ನನ್ನನ್ನು ಚೆನ್ನಾಗಿ ನೋಡಿಕೊಂಡರು. ‘ಗುಡ್ ವಿತ್ ಚಿಲ್ಡ್ರನ್’ ಮಕ್ಕಳ ಜೊತೆ ಹೊಂದಿಕೊಳ್ಳಬಲ್ಲವರು. ‘ಟಯರ್ಡ್ ಫ್ರಮ್ ವಾಕಿಂಗ್’ ಎಂದರೆ ನಡೆದು ಸುಸ್ತು, ‘ಟಯರ್ಡ್ ಆಫ್ ವಾಕಿಂಗ್’ ಎಂದರೆ ನಡೆದು ನಡೆದು ಬೇಸರ. ‘ಫೆಮಿಲಿಯರ್’ನಲ್ಲಿ ಕರ್ತೃವೇ ಅದಲುಬದಲು: ‘ಐ ಆಮ್ ಫೆಮಿಲಿಯರ್ ವಿತ್ ದ ರೂಲ್’, ಆದರೆ ‘ದ ರೂಲ್ ಈಸ್ ಫೆಮಿಲಿಯರ್ ಟು ಮಿ’. ತಿಳಿದವರು ಮೊದಲು ಬಂದರೆ ‘ವಿತ್’, ತಿಳಿದ ಸಂಗತಿ ಮೊದಲು ಬಂದರೆ ‘ಟು’.

ಪ್ರಿಪೊಸಿಷನ್ ಆದಮೇಲೆ ಕ್ರಿಯಾಪದ ಬಂದರೆ ಅದು ‘ಇಂಗ್’ ಹಚ್ಚಿಕೊಂಡೇ ಬರಬೇಕು. ‘ಗುಡ್ ಅಟ್ ಸಿಂಗಿಂಗ್’, ‘ಕೇಪಬಲ್ ಆಫ್ ವಿನ್ನಿಂಗ್’. ಎಡವುವುದು ‘ಟು’ ಹತ್ತಿರ, ಯಾಕೆಂದರೆ ‘ಟು ಗೋ’ ಎಂಬಲ್ಲಿಯ ‘ಟು’ ಪ್ರಿಪೊಸಿಷನ್ ಅಲ್ಲ. ಪರೀಕ್ಷೆ ಸುಲಭ: ‘ಟು’ ಮುಂದೆ ಒಂದು ನಾಮಪದ ಇಟ್ಟು ನೋಡಿ. ‘ಐ ಆಮ್ ಯೂಸ್ಡ್ ಟು ನಾಯ್ಸ್’ ಸರಿಹೋಗುತ್ತದೆ, ಹಾಗಾಗಿ ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಲೇಟ್’. ‘ಏಬಲ್ ಟು ನಾಯ್ಸ್’ ಸರಿಹೋಗದು, ಹಾಗಾಗಿ ‘ಏಬಲ್ ಟು ವರ್ಕ್’. ‘ಕಮಿಟೆಡ್’, ‘ಅಪೋಸ್ಡ್’ ಎರಡೂ ‘ಯೂಸ್ಡ್’ನ ಗುಂಪಿಗೆ ಸೇರಿದವು. ‘ಆಮ್’ ಬಿಟ್ಟು ‘ಐ ಯೂಸ್ಡ್ ಟು ವರ್ಕ್ ಲೇಟ್’ ಎಂದರೆ ಬೇರೆಯೇ ಮಾತು, ಮೊದಲು ಮಾಡುತ್ತಿದ್ದೆ, ಈಗಿಲ್ಲ ಎಂದು.

ಮುಂದೆ ‘ದ್ಯಾಟ್’ ಉಪವಾಕ್ಯ ಬಂದರೆ ಪ್ರಿಪೊಸಿಷನ್ ಬಿದ್ದುಹೋಗುತ್ತದೆ: ‘ಪ್ರೌಡ್ ಆಫ್ ಹರ್’, ಆದರೆ ‘ಪ್ರೌಡ್ ದ್ಯಾಟ್ ಶಿ ವನ್’. ಪ್ರಶ್ನೆಯಲ್ಲಿ ಮಾತ್ರ ಬಿಡಬಾರದು. ‘ವಾಟ್ ಆರ್ ಯು ಅಫ್ರೇಡ್ ಆಫ್?’ ಎಂಬುದರ ಬಾಲ ಕತ್ತರಿಸಿದರೆ ವಾಕ್ಯ ಕುಂಟುತ್ತದೆ.

ಒಂದು ಪದದ ಪ್ರಿಪೊಸಿಷನ್ನೇ ಅದರ ಬಳಗಕ್ಕೆಲ್ಲ ಬರುತ್ತದೆ ಎಂಬ ಸಲಹೆಯನ್ನು ಅರ್ಧವಷ್ಟೇ ನಂಬಿ. ‘ಡಿಪೆಂಡ್ ಆನ್’, ‘ಡಿಪೆಂಡೆಂಟ್ ಆನ್’ ಹೌದು; ಆದರೆ ‘ಇಂಡಿಪೆಂಡೆಂಟ್ ಆಫ್’. ‘ಫಾಂಡ್ ಆಫ್’ ಎನ್ನುವವರೇ ನಾಮಪದಕ್ಕೆ ಬಂದಾಗ ‘ಫಾಂಡ್‌ನೆಸ್ ಫಾರ್’ ಅನ್ನಬೇಕು.

‘ಡಿಫರೆಂಟ್’ ವಿಚಾರದಲ್ಲಿ ಜಗಳ ಬೇಡ. ‘ಫ್ರಮ್’ ಎಲ್ಲ ಕಡೆ ಸಲ್ಲುತ್ತದೆ. ಬ್ರಿಟಿಷರ ಮಾತಿನಲ್ಲಿ ‘ಟು’, ಅಮೆರಿಕನ್ನರಲ್ಲಿ ‘ದ್ಯಾನ್’ ಕೂಡ ಕೇಳಿಬರುತ್ತವೆ.

ಬರೆದಿಟ್ಟುಕೊಳ್ಳುವಾಗ ಬರೀ ‘ಜೆಲಸ್ ಎಂದರೆ ಹೊಟ್ಟೆಕಿಚ್ಚು’ ಎಂದು ಬರೆದರೆ ಬೇಕಾದ ಭಾಗವೇ ಬಿಟ್ಟುಹೋಯಿತು. ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳು ಗುಣವಾಚಕದ ಜೊತೆಗೆ ಅದರ ಪ್ರಿಪೊಸಿಷನ್ನನ್ನೂ ಎತ್ತಿ ತೋರಿಸುತ್ತವೆ, ಅದನ್ನು ನೋಡಿ. ಚೀಟಿಯ ಒಂದು ಬದಿಗೆ ‘ಅಕ್ಕನ ಮೇಲೆ ಹೊಟ್ಟೆಕಿಚ್ಚು’ ಎಂದು ಬರೆದು ‘ಮೇಲೆ’ಗೆ ಅಡಿಗೆರೆ ಎಳೆಯಿರಿ, ಇನ್ನೊಂದು ಬದಿಗೆ ‘ಜೆಲಸ್ ಆಫ್ ಹರ್ ಸಿಸ್ಟರ್’ ಎಂದು ಬರೆದು ‘ಆಫ್’ಗೆ. ಕನ್ನಡದ ಬದಿ ನೋಡಿಕೊಂಡು ಇಂಗ್ಲಿಷನ್ನು ಗಟ್ಟಿಯಾಗಿ ಹೇಳಿ. ತಡವರಿಸದೆ ಬಂದ ಚೀಟಿಯನ್ನು ಕಟ್ಟಿನಿಂದ ತೆಗೆದಿಡಿ, ಉಳಿದವನ್ನು ಮರುದಿನ ಮತ್ತೆ ಹಿಡಿಯಿರಿ.