ಕಲ್ವಾ ಗೊಂಚಲಿನ ಬಾಡಿಗೆದಾರರು

ನನ್ನ ಉಪ್ಪುನೀರಿನ ಟ್ಯಾಂಕ್ ದೊಡ್ಡದೇನಲ್ಲ, 40 ಲೀಟರ್. ನಾನಾಗಿ ಹಾಕಿದ್ದು ಎರಡು ಪುಟ್ಟ ಮೀನು, ಅಂಗಡಿಯಿಂದ ತಂದ ಒಂದಿಷ್ಟು ಕಲ್ಲು, ಮತ್ತೆ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕ ಒಂದು ಕಲ್ವಾ (ಆಯ್ಸ್ಟರ್ ಎಂಬ ಚಿಪ್ಪುಜೀವಿ) ಗೊಂಚಲು. ಕಾಳಿ ನದಿಯದ್ದು, ಜೀವ ಇತ್ತು. ಕಲ್ವಾ ನೀರು ಸೋಸುತ್ತದೆ ಅಲ್ವಾ, ನೋಡೋಣ ಅಂತ ಒಂದನ್ನು ತೆಗೆದಿಟ್ಟೆ. "ಸಾರಿಗೆ ಹಾಕೋದನ್ನ ಯಾರಾದ್ರೂ ಸಾಕ್ತಾರಾ?" ಅಂತ ಆಯಿ ನಕ್ಕಳು.

ಕಲ್ವಾ ಹೆಚ್ಚು ಕಾಲ ಬಾಳಲಿಲ್ಲ. ಸಣ್ಣ ಟ್ಯಾಂಕಿನಲ್ಲಿ ಅದಕ್ಕೆ ಬೇಕಾದಷ್ಟು ತೇಲುವ ಆಹಾರ ಇರುವುದಿಲ್ಲ. ಚಿಪ್ಪು ಬಾಯಿಬಿಟ್ಟ ಕೂಡಲೇ ಮಾಂಸ ತೆಗೆದುಬಿಡಬೇಕು, ಇಲ್ಲವಾದರೆ ಕೊಳೆತು ಅಮೋನಿಯಾ ಏರುತ್ತದೆ. ಚಿಪ್ಪನ್ನು ಮಾತ್ರ ಅಲ್ಲೇ ಬಿಟ್ಟೆ. ಮನೆ ಮಾಲೀಕ ಹೋದ, ಚಿಪ್ಪಿಗೋ ಕಲ್ಲಿಗೋ ಅಂಟಿಕೊಂಡು ಬಂದ ಪುಟ್ಟ ಬಾಡಿಗೆದಾರರು ಉಳಿದರು.

ಅವರನ್ನು ನೋಡಬೇಕೆಂದರೆ ರಾತ್ರಿಯೇ ಆಗಬೇಕು. ಟ್ಯಾಂಕಿನ ಲೈಟ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ಹಿಡಿಯಿರಿ. ಕೆಂಪು ಬೆಳಕಿಗೆ ಈ ಜೀವಿಗಳು ಅಷ್ಟಾಗಿ ಓಡುವುದಿಲ್ಲ. ಹಗಲು ಖಾಲಿಯಿದ್ದ ಗಾಜಿನ ತುಂಬ 2-3 ಮಿಲಿಮೀಟರಿನ ದುಂಡನೆಯ ಬಸವನಹುಳುಗಳು! ಇವು ಕೊಲೊನಿಸ್ಟಾ. ಬೆಳೆದರೂ 5 ಮಿಲಿಮೀಟರಿನ ಆಸುಪಾಸು. ಗಾಜಿನ ಮೇಲಿನ ಪಾಚಿ ಕೆರೆದು ತಿನ್ನುತ್ತವೆ, ಟ್ಯಾಂಕಿನಲ್ಲೇ ಮರಿ ಮಾಡುತ್ತವೆ. ನನಗಂತೂ ಇವು ಬೇಕೇ ಬೇಕು. ಗಾಜು ಒರೆಸುವ ಕೆಲಸ ಅರ್ಧ ಕಮ್ಮಿಯಾಗಿದೆ.

ಆದರೆ ಇಷ್ಟೇ ಸಣ್ಣ ಇನ್ನೊಂದು ಜಾತಿ ಇದೆ, ಪಿರಮಿಡೆಲ್ಲಿಡ್. ಬೆಳ್ಳಗೆ, ಉದ್ದಕ್ಕೆ, ತುದಿ ಚೂಪು. ಇದು ಪಾಚಿಗೆ ಬಾಯಿ ಹಾಕುವುದೇ ಇಲ್ಲ. ಬೇರೆ ಬಸವನಹುಳುವಿನ ಅಥವಾ ಚಿಪ್ಪಿನ ಅಂಚಿನಲ್ಲಿ ಕೂತು ಅದರ ಮೈಯ ರಸ ಹೀರುತ್ತದೆ. ಹಾಗಾಗಿ ಗಾತ್ರ ನೋಡಿ ತೀರ್ಮಾನ ಮಾಡಬೇಡಿ, ಎಲ್ಲಿ ಕೂತಿದೆ ನೋಡಿ. ಗಾಜಿನ ಮೇಲೆ ಓಡಾಡುವ ದುಂಡನೆಯದಾದರೆ ಬಿಡಿ. ಇನ್ನೊಬ್ಬರ ಬಾಗಿಲಲ್ಲಿ ಕೂತ ಉದ್ದನೆಯದಾದರೆ ಚಿಮಟ ತನ್ನಿ.

ಪಂಪಿನ ಮೇಲೆ ಬಿಳಿ ಸುರುಳಿಗಳೂ ಇವೆ. ನೋಡಲು ಬಸವನಹುಳು, ನಿಜಕ್ಕೂ ಕೊಳವೆಯೊಳಗಿನ ಹುಳ. ಸ್ಪೈರಾರ್ಬಿಡ್ ಅನ್ನುತ್ತಾರೆ. ಅಂಟಿಕೊಂಡ ಜಾಗ ಬಿಟ್ಟು ಕದಲುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ.

ತಮಾಷೆ ಅಂದರೆ, ಹುಳದ ಕೊಳವೆ ಅಂತ ನಾನು ನೋಡಿದ ಇನ್ನೊಂದು ನಿಜಕ್ಕೂ ಬಸವನಹುಳು! ವರ್ಮೆಟಿಡ್ ಅಂತ. ಕಲ್ಲಿಗೆ ಗಟ್ಟಿಯಾಗಿ ಅಂಟಿದ ವಕ್ರ ಕೊಳವೆ. ಮೀನಿಗೆ ಆಹಾರ ಹಾಕಿದಾಗ ಅದರ ಬಾಯಿಂದ ಲೋಳೆಯ ಎಳೆ ತೇಲಿಬರುತ್ತದೆ. ಸಿಕ್ಕಿದ್ದನ್ನೆಲ್ಲ ಎಳೆಯ ಸಮೇತ ಒಳಗೆಳೆದು ತಿನ್ನುತ್ತದೆ. ಕಾರವಾರದ ಬೈತಖೋಲದಲ್ಲಿ ಬಲೆ ಎಳೆಯುವವರನ್ನು ನೋಡುತ್ತಾ ಬೆಳೆದವಳು ನಾನು, ಇದರ ಮೇಲೆ ಸಿಟ್ಟು ಮಾಡಲು ಕಷ್ಟ. ಆದರೂ ಹವಳ ಸಾಕುವವರಿಗೆ ಆ ಲೋಳೆ ದೊಡ್ಡ ಕಿರಿಕಿರಿ. ಕಲ್ಲನ್ನು ಹೊರತೆಗೆದು ಕೊಳವೆಯ ಬಾಯಿಗೆ ಒಂದು ಹನಿ ಫೆವಿಕ್ವಿಕ್ ಹಾಕಿದರೆ ಮುಗಿಯಿತು.

ಗುಲಾಬಿ ಬಣ್ಣದ ಕೂದಲುಹುಳ ಕಂಡರೆ ಹೆದರಬೇಡಿ, ಬರಿಗೈಯಲ್ಲಿ ಮುಟ್ಟಲೂಬೇಡಿ. ಕೂದಲು ಚುಚ್ಚಿದರೆ ಉರಿ ಜಾಸ್ತಿ, ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಬರುತ್ತದೆ. ಉಳಿದ ಆಹಾರವನ್ನೂ ಸತ್ತದ್ದನ್ನೂ ತಿಂದು ಮುಗಿಸುವುದು ಇವೇ. ಇನ್ನು ಮೀನಿಗೆ ಬಿಳಿಚುಕ್ಕೆ ರೋಗ ಬಂತೆಂದು ತಾಮ್ರದ ಔಷಧಿ ಸುರಿದರೆ ಈ ಬಳಗ ಪೂರ್ತಿ ಸಾಯುತ್ತದೆ. ಕಾಯಿಲೆ ಮೀನನ್ನು ಬೇರೆ ಬಕೆಟ್ಟಿಗೆ ಹಾಕಿ ಅಲ್ಲೇ ಔಷಧಿ ಕೊಡಿ.

ಈಗ ಬಸವನಹುಳು ಜಾಸ್ತಿಯಾಗಿವೆ. "ಹತ್ತಿರದಲ್ಲೇ ಕಾಳಿ ಇದೆಯಲ್ಲ, ಸುಮ್ನೆ ಬಿಟ್ಟು ಬಾ" ಅಂತ ಆಯಿಯ ಸಲಹೆ. ಅದೊಂದು ಆಗದ ಮಾತು. ಯಾವುದು ಕಲ್ವಾ ಜೊತೆ ಬಂತು, ಯಾವುದು ಅಂಗಡಿಯ ಕಲ್ಲಿನ ಜೊತೆ ಯಾವ ಸಮುದ್ರದಿಂದ ಬಂತು, ಹೇಗೆ ಹೇಳೋದು? ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಅಮೆರಿಕದ ಕಡೆಯ ಚಾರ್ರು ಮಸ್ಸೆಲ್ ಎಂಬ ಚಿಪ್ಪು ಹಬ್ಬಿ ಅಲ್ಲಿಯ ಚಿಪ್ಪುಗಳಿಗೇ ಜಾಗ ಇಲ್ಲದಂತೆ ಮಾಡಿದೆ. ಅದಕ್ಕೇ ಟ್ಯಾಂಕಿನ ನೀರನ್ನೂ ನಾನು ನದಿಗೆ ಚೆಲ್ಲುವುದಿಲ್ಲ, ಮನೆಯ ಬಚ್ಚಲಿಗೇ. ಶಿರಸಿಯ ಗೆಳತಿ ಹೊಸದಾಗಿ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದಾಳೆ. ಮುಂದಿನ ವಾರ ಒಂದು ಡಬ್ಬಿ ಕೊಲೊನಿಸ್ಟಾ ಘಟ್ಟ ಹತ್ತಲಿವೆ.